ಯುಗಾದಿ ಊಟದ ಪಟ್ಟಿ

ಸ್ವೀಡನ್ನಿನ ಉಪ್ಸಾಲಾ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನಾಳೆ ಎಸ್ಕಿಲ್‌ಸ್ಟುನಾದಲ್ಲಿ ನಮ್ಮ ಕನ್ನಡದವರ ಯುಗಾದಿ ಊಟ. ಯಾರು ಏನು ಅಡುಗೆ ತರಬೇಕೆಂದು ನಾನೇ ಇಂಗ್ಲಿಷಿನಲ್ಲಿ ಪಟ್ಟಿ ಮಾಡಿದ್ದೆ. ಹೆಸರು, ಊರು, ಫೋನು, ಅಡುಗೆ, ಜಾತಿ.

ಪಕ್ಕದಲ್ಲಿದ್ದ, ತೊಂಬತ್ತು ದಾಟಿದಂತಿದ್ದ ಅಜ್ಜಿಯೊಬ್ಬರು ಇಣುಕಿ ನೋಡಿ ಕೊನೆಯ ಕಾಲಂ ಮೇಲೆ ಬೆರಳಿಟ್ಟರು. "ಇದು ಯಾಕೆ?"

"ಅಡುಗೆ ಹಂಚೋಕೆ ಅಷ್ಟೇ. ಎಲ್ಲರೂ ಸ್ನೇಹಿತರೇ."

"ನಾನು ಯಹೂದಿ. ನಾಜಿಗಳ ಕಾಲದಲ್ಲಿ ಬರ್ಲಿನ್ನಿನಲ್ಲಿ ಶಾಲೆಗೆ ಹೋಗ್ತಿದ್ದೆ. ನಮ್ಮ ಟೀಚರೂ ಒಳ್ಳೆಯವರೇ. ಮಕ್ಕಳನ್ನ ಈಜುಕೊಳಕ್ಕೆ ಕರಕೊಂಡು ಹೋಗೋಕೆ ಅಂತ ಪಟ್ಟಿ ಮಾಡಿ, ಹೆಸರಿನ ಮುಂದೆ ಧರ್ಮ ಬರಕೊಂಡರು. ನಾನೇ ಕೈಯೆತ್ತಿ ಹೇಳಿದೆ. ಮಾರನೇ ದಿನ ನಾವು ನಾಲ್ಕು ಯಹೂದಿ ಮಕ್ಕಳು ಕ್ಲಾಸಲ್ಲೇ ಉಳಿದ್ವಿ. ಅಮ್ಮ ಹೊಲಿದ ಈಜುಡುಗೆ ನನ್ನ ಚೀಲದಲ್ಲೇ ಇತ್ತು. ಆಮೇಲೆ ಶಾಲೆಗೇ ಬರಬೇಡಿ ಅಂದರು. ಆಗಲೂ ಅದೇ ಪಟ್ಟಿ ನೋಡಿದರು."

ಅವರ ರೈಲು ಬಂತು, ಹೋದರು.

ಇಲ್ಲಿ ಅಂಥದ್ದೇನೂ ಇಲ್ಲವಲ್ಲ ಎಂದುಕೊಂಡು ಪಟ್ಟಿಯನ್ನು ಮೊದಲಿಂದ ಓದಿದೆ. ಕೆಲವರು ಫೋನ್ ನಂಬರ್ ಕೊಟ್ಟಿಲ್ಲ. ಜಾತಿಯನ್ನು ಮಾತ್ರ ಎಲ್ಲರೂ ಹೇಳಿದ್ದಾರೆ. ಒಬ್ಬರಿಗೆ ಚಿತ್ರಾನ್ನ, ಒಬ್ಬರಿಗೆ ಹೋಳಿಗೆ, ಒಬ್ಬರಿಗೆ ಕೋಸಂಬರಿ ಹಾಕಿದ್ದೇನೆ. ಒಂದೇ ಒಂದು ಮನೆಯವರಿಗೆ ಅಡುಗೆ ಹಾಕಿಲ್ಲ. ಅವರ ಹೆಸರಿನ ಮುಂದೆ ನನ್ನದೇ ಅಕ್ಷರದಲ್ಲಿ ಇದೆ: ಪೇಪರ್ ಪ್ಲೇಟು, ಲೋಟ.