ಗುರುಬಸವ್ವ ಫೋನು ಮಾಡಿದರೆ

ನಮ್ಮ ಸೀಮೆಯವರದು ಒಂದು ಕೆಟ್ಟ ಚಾಳಿ. ಮೈ ಕೆಂಡದಂತೆ ಸುಡುತ್ತಿದ್ದರೂ, ಹೇಗಿದ್ದೀರಿ ಎಂದವರಿಗೆ "ಆರಾಮ ಅದೀನ್ರಿ" ಎಂದೇ ಉತ್ತರ. ಈ ಮಾತಿನ ಜೊತೆ ಗುದ್ದಾಡುವುದೇ ಗುರುಬಸವ್ವನ ನೌಕರಿ. ಬೈಲಹೊಂಗಲದ ನಮ್ಮ ಕಣ್ಣಿನ ಆಸ್ಪತ್ರೆಯಲ್ಲಿ ಸತ್ತವರ ದಾನದ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ತಿಳಿಪರದೆ, ಹಾಕಿಸಿಕೊಂಡು ಹೋದವರಿಗೆ ಫೋನು ಮಾಡಿ, ತೊಂದರೆ ಏನಾದರೂ ಆಗಿದೆಯೇ ಎಂದು ವಿಚಾರಿಸುವವಳು ಅವಳು. ನಾನು ಪಕ್ಕದ ಔಷಧಿ ಅಂಗಡಿಯಲ್ಲಿ ಕೂರುವವನು. ಅವಳ ದನಿಗೆ ಗೋಡೆ ಅಡ್ಡ ಬರುವುದಿಲ್ಲ, ಫೋನನ್ನೂ ಸ್ಪೀಕರಿಗೆ ಹಾಕಿಯೇ ಮಾತಾಡುತ್ತಾಳೆ.

ಕಳೆದ ಬೇಸಿಗೆಯಲ್ಲಿ ಉಗರಗೋಳದ ಬೀರಪ್ಪ ಹೊಸ ಕಣ್ಣು ನೋಯುತ್ತಿದೆ ಎಂದು ತಾನಾಗಿ ಬಂದ. ಕೀವು ತುಂಬಿತ್ತು. ಸೋಂಕು ದಾನಿಯ ಕಣ್ಣಿನೊಂದಿಗೇ ಬಂದಿರಬಹುದು ಎಂದರು ಡಾಕ್ಟರು. ಅದೇ ದಾನಿಯ ಇನ್ನೊಂದು ಕಣ್ಣನ್ನು ಕಟಕೋಳದ ರಾಯವ್ವನಿಗೆ ಹಾಕಿದ್ದರು. ಅವಳಿಗೂ ಸೋಂಕು ತಗಲಿದ್ದರೆ, ತಡವಾದಷ್ಟೂ ದೃಷ್ಟಿಯ ಆಸೆ ಬಿಟ್ಟಂತೆಯೇ. ಗುರುಬಸವ್ವ ಕೂಡಲೇ ಫೋನು ಹಚ್ಚಿದಳು.

"ಆರಾಮ ಅದೀನ್ರಿ ಅಕ್ಕಾರ," ಎಂದಳು ರಾಯವ್ವ.

"ಅದನ್ನ ಬಿಡ್ರಿ. ಈಗ ಎಲ್ಲಿ ಕುಂತೀರಿ?"

"ಒಳಗ, ಕತ್ತಲ ಕೋಣ್ಯಾಗ."

"ಹಾಡಹಗಲ ಕತ್ತಲಾಗ ಯಾಕ ಕುಂತೀರವ್ವಾ?"

ರಾಯವ್ವ ಮೆಲ್ಲಗೆ ಹೇಳಿದಳು, "ಬಿಸಲಿಗೆ ಕಣ್ಣ ಬಿಡಾಕ ಆಗವಲ್ದ್ರಿ. ನೀರು ಸುರೀತೈತಿ. ಸತ್ತವರು ಕೊಟ್ಟದ್ದರಾಗ ತಪ್ಪು ಹುಡುಕಿದ್ರ ಅವರ ಜೀವ ನೊಂದೀತು ಅಂತ ಸುಮ್ನಿದ್ದೆ."

ಗುರುಬಸವ್ವನಿಗೆ ಸಿಟ್ಟು ನೆತ್ತಿಗೇರಿತು.

"ಅವರು ಕೊಟ್ಟದ್ದು ನೀವು ನೋಡ್ಲಿ ಅಂತ, ಕತ್ತಲಾಗ ಕುಂಡ್ರಲಿ ಅಂತ ಅಲ್ಲ! ಇದರ ಜೋಡಿ ಕಣ್ಣು ಹಾಕ್ಕೊಂಡವರು ಬಾಯಿಬಿಟ್ಟು ನೋವು ಹೇಳಿದ್ರು. ಅದಕ್ಕ ನಿಮಗ ಈ ಫೋನ್ ಬಂತು. ಈಗಿಂದೀಗ ಹೊಂಡ್ರಿ."

ಮಧ್ಯಾಹ್ನವೇ ಸೊಸೆಯ ಕೈ ಹಿಡಿದು ರಾಯವ್ವ ಬಂದಳು. ಸೋಂಕು ಅಂಚಿನಲ್ಲಷ್ಟೇ ಹತ್ತಿತ್ತು. ತಾಸಿಗೊಮ್ಮೆ ಔಷಧಿಯ ಹನಿ ಹಾಕಿ ಹಾಕಿ, ಅಂತೂ ಕಣ್ಣು ಉಳಿಯಿತು. ಬೀರಪ್ಪನದು ಬಹಳ ಸತಾಯಿಸಿತು. ಅವನ ನೋಟ ಮರಳುವುದು ಕಷ್ಟ ಎಂದು ಡಾಕ್ಟರೇ ಅಂದಿದ್ದರು, ಆದರೂ ಮಳೆಗಾಲದ ಹೊತ್ತಿಗೆ ತಿಳಿಯಾಗುತ್ತ ಬಂತು.

ಮೊನ್ನೆ ಗುರುಬಸವ್ವ ಕಟಕೋಳಕ್ಕೆ ಮತ್ತೆ ಫೋನು ಮಾಡಿದಳು. ಇವಳು ಕೇಳುವ ಮೊದಲೇ ರಾಯವ್ವ ಕೇಳಿದಳು:

"ನನ್ನ ಸುದ್ದಿ ಆಮ್ಯಾಲ ಹೇಳ್ತೇನ್ರಿ. ನಮ್ಮ ಇನ್ನೊಂದು ಕಣ್ಣು ಹೆಂಗೈತಿ?"

ಆ ಕಣ್ಣು ಯಾರಿಗೆ ಹಾಕಿದ್ದು, ಯಾವ ಊರು ಎಂದು ಹೇಳಲು ಆಸ್ಪತ್ರೆಯ ನಿಯಮ ಬಿಡುವುದಿಲ್ಲ. ಗುರುಬಸವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇವತ್ತ ಮುಂಜಾನೆ ಹೊಲಕ್ಕ ಹೋಗಿ ಜ್ವಾಳ ನೋಡಿ ಬಂತಂತ್ರಿ," ಎಂದಳು.