ಚಂದ್ರಿಯನ್ನು ಏರಿಸುವ ರ‍್ಯಾಂಪು

ಎರಡಡಿ ಎತ್ತರವೆಂಬುದು ಎತ್ತರವೇ ಅಲ್ಲ. ಎರಡಡಿಯ ಕಟ್ಟೆಯನ್ನು ಕೂಸು ಹತ್ತುತ್ತದೆ, ಆಡು ನೋಡದೆಯೇ ನೆಗೆಯುತ್ತದೆ, ಅರವತ್ತು ದಾಟಿದ ನನ್ನಂಥವನೂ ಮೊಣಕಾಲ ಮೇಲೆ ಕೈಯೂರಿ, ಅರಿಹಂತರನ್ನು ನೆನೆದು, ಹೇಗೋ ಏರಿ ಕುಳಿತು ದೇಶದ ರಾಜಕಾರಣವನ್ನೆಲ್ಲ ಇತ್ಯರ್ಥಗೊಳಿಸುತ್ತಾನೆ. ಆದರೆ ಅದೇ ಎರಡಡಿಯ ಮೇಲೆ ಒಂದು ಎಮ್ಮೆಯನ್ನು ನಿಲ್ಲಿಸಬೇಕಾದ ಪ್ರಸಂಗ ಬಂದರೆ, ಆ ಎರಡಡಿ ಒಂದು ಪಂಚವಾರ್ಷಿಕ ಯೋಜನೆಯಾಗಿ ಬೆಳೆದು, ಸಮಿತಿ, ಉಪಸಮಿತಿ, ಪರಿಷ್ಕೃತ ಅಂದಾಜು, ಮರುಪರಿಶೀಲನೆಗಳನ್ನು ಹೆತ್ತು, ಕೊನೆಗೆ ಎಮ್ಮೆಯನ್ನು ಮಾತ್ರ ನೆಲದ ಮೇಲೆಯೇ ಉಳಿಸಿಬಿಡುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ಪುಸ್ತಕ ಓದಿ ಹೇಳುವ ಕೆಲಸವನ್ನು ನಿವೃತ್ತಿಯವರೆಗೆ ಯಥೇಚ್ಛವಾಗಿ ಮಾಡಿದ್ದೇನೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವನು ನಾನು. ಓರೆತಲದ ಪಾಠ ನನ್ನ ಅಚ್ಚುಮೆಚ್ಚಿನದು. ಇಳಿಜಾರು ಉದ್ದವಾದಷ್ಟೂ ಏರಿಸುವ ಶ್ರಮ ಕಡಿಮೆ ಎಂಬ ತತ್ತ್ವವನ್ನು ವರ್ಷವರ್ಷವೂ ಬೋಧಿಸಿದೆ. ಕರಿಹಲಗೆಯ ಮೇಲೆ ನಾನು ಬರೆದ ಚೌಕಾಕಾರದ ವಸ್ತು, ನಾನು ಬಾಣ ಎಳೆದ ದಿಕ್ಕಿಗೆ, ಎಂದೂ ತಕರಾರಿಲ್ಲದೆ ಏರುತ್ತಿತ್ತು. ಆ ವಸ್ತುವಿಗೆ ಕೊಂಬಿರಲಿಲ್ಲ, ಸ್ವಂತ ಅಭಿಪ್ರಾಯವೂ ಇರಲಿಲ್ಲ. ಹೀಗಾಗಿ ಲೋಕದ ಸಮಸ್ತ ವಸ್ತುಗಳೂ ಬಾಣದ ಮಾತು ಕೇಳುತ್ತವೆಂಬ ಭ್ರಮೆಯಲ್ಲಿಯೇ ನಿವೃತ್ತನಾಗಿ, ರಾಯಬಾಗ ತಾಲೂಕಿನ ದಿಗ್ಗೇವಾಡಿಯ ನಮ್ಮ ಹೊಲಮನೆಯಲ್ಲಿ ಬಂದು ನೆಲೆಸಿದೆ.

ಆ ಮನೆಯನ್ನು ನಡೆಸುವವರು ಇಬ್ಬರು: ನನ್ನ ಹೆಂಡತಿ ಕುಸುಮಾ ಮತ್ತು ಅವಳ ಎಮ್ಮೆ ಚಂದ್ರಿ. ಚಂದ್ರಿ ಪಂಢರಪುರಿ ತಳಿ. ಈ ತಳಿಯ ಕೊಂಬುಗಳು ಕಿವಿಯ ಹಿಂದಿನಿಂದ ಹೊರಟು, ಭುಜ ದಾಟಿ, ಎರಡು ಬದಿಗೂ ಕತ್ತಿಯಂತೆ ಚಾಚಿಕೊಳ್ಳುತ್ತವೆ. ಅವು ಎಲ್ಲಿ ಮುಗಿಯಬೇಕೆಂಬುದನ್ನು ಸೃಷ್ಟಿಕರ್ತ ಯೋಚಿಸಿದಂತೆ ಕಾಣುವುದಿಲ್ಲ. ಬೆಳಗಿನ ಜಾವ ಕುಸುಮಾ ಕೊಟ್ಟಿಗೆಗೆ ಹೋಗಿ ಅದರ ಹಣೆಗೆ ಹಣೆ ಹಚ್ಚಿ ಏನೋ ಮಾತಾಡುತ್ತಾಳೆ. ಏನೆಂದು ನಾನು ಕೇಳಿಲ್ಲ. ಹೆಂಡತಿ ಎಮ್ಮೆಯೊಡನೆ ಗಂಡನ ವಿಷಯ ಬಿಟ್ಟು ಇನ್ನೇನು ಮಾತಾಡಿಯಾಳು?

ಹೋದ ಚಳಿಗಾಲದಲ್ಲಿ ಕುಸುಮಾಳ ಬೆನ್ನು ಹಿಡಿದುಕೊಂಡಿತು. ಹಾಲು ಹಿಂಡಲು ಕೂತವಳು ಏಳಲಾರದೆ ಕೊಟ್ಟಿಗೆಯ ಗೂಟ ಹಿಡಿದು ನರಳಿದಾಗ ನಾನು ಓಡಿಹೋಗಿ ರಟ್ಟೆ ಹಿಡಿದು ಎಬ್ಬಿಸಿದೆ. ಚಿಕ್ಕೋಡಿಯ ಡಾಕ್ಟರರು ಬಗ್ಗಬಾರದು, ಕುಕ್ಕರಗಾಲಿನಲ್ಲಿ ಕೂಡಬಾರದು, ಭಾರ ಎತ್ತಬಾರದು ಎಂದರು. ಅಂದರೆ ನಾನು ಮೊದಲಿನಿಂದಲೂ ಪಾಲಿಸಿಕೊಂಡು ಬಂದ ಜೀವನಕ್ರಮವನ್ನೇ ಅವಳಿಗೂ ಬರೆದುಕೊಟ್ಟರು. ಆ ರಾತ್ರಿಯೇ ನಾನು ದಯಾರ್ದ್ರನಾಗಿ ಒಂದು ನಿರ್ಣಯ ಕೈಗೊಂಡೆ: ಎಮ್ಮೆಯನ್ನು ಸಾಗಹಾಕುವುದು. ನಾವು ಜೈನರು; ಸಾಕಿದ ಪ್ರಾಣಿಯನ್ನು ಸಂತೆಗೆ ಹೊಡೆದು, ಅದು ಮುಂದೆ ಯಾರ ಕೈ ಸೇರಿತೆಂದು ತಿಳಿಯದೆ ನಿದ್ದೆ ಮಾಡುವವರಲ್ಲ. ನಿಪ್ಪಾಣಿಯಲ್ಲಿರುವ ಮಗಳ ಮನೆಯಲ್ಲಿ ಆಳುಕಾಳು, ಹಿತ್ತಲು ಎಲ್ಲ ಉಂಟು. ಅಲ್ಲಿಗೆ ಕಳಿಸೋಣ, ಅಲ್ಲಿಯವರೆಗೆ ನೆರೆಮನೆಯವರು ಬಂದು ಹಾಲು ಹಿಂಡಿಕೊಟ್ಟಾರೆಂದು ನಾನು ಘೋಷಿಸಿದೆ. ಕುಸುಮಾ ತಟ್ಟೆಗೆ ರೊಟ್ಟಿ ಹಾಕುತ್ತ, “ನಿಮ್ಮ ಮನಸ್ಸಿನ್ಯಾಗ ಬಂತಂದ್ರ ಆತು ಬಿಡ್ರಿ” ಎಂದಳು. ನಾನದನ್ನು ಸರ್ವಾನುಮತದ ಅಂಗೀಕಾರವೆಂದು ಬರೆದುಕೊಂಡೆ.

ಬಾಡಿಗೆಯ ಟೆಂಪೋ ತಂದರೆ ಅರ್ಧ ದಿನದ ಕೆಲಸ. ಆದರೆ ಕುಸುಮಾ, “ಬಾಡಿಗಿ ಗಾಡ್ಯಾಗ ಬ್ಯಾಡ್ರಿ, ಹಗ್ಗಾ ಬಿಗದು ಕಟ್ತಾರ, ಅದರ ಮೂಗು ಹರೀತೈತಿ” ಎಂದಳು. ಸರಿ, ಮಿರಜ ಕಡೆಯಿಂದ ಎರಡು ಗಾಲಿಯ, ನೆಲದಿಂದ ಎರಡಡಿ ಎತ್ತರದ ಒಂದು ಹಳೆಯ ಟ್ರೇಲರ್ ತರಿಸಿದೆ. ಎಳೆಯುವುದಕ್ಕೆ ಅಥಣಿಯಲ್ಲಿರುವ ಮೈದುನ ಶೀತಲನ ಜೀಪು ಇತ್ತು. ಈ ಗಡಿಭಾಗದ ರೂಢಿಯಂತೆ ಭಾವನಾದ ನನ್ನನ್ನು ‘ದಾಜಿ’ ಎಂದು ಕರೆಯುವ ಶೀತಲ ಹೆಸರಿಗಷ್ಟೇ ಶೀತಲ. ಬೇರೆಯವರ ಕೆಲಸಕ್ಕೆ ಸಲಹೆ ಕೊಡುವಾಗ ಕುದಿಯುತ್ತಿರುತ್ತಾನೆ. “ದಾಜಿ, ರ‍್ಯಾಂಪ್ ಆನ್‌ಲೈನ್ ತರಸ್ರಿ, ಫಸ್ಟ್ ಕ್ಲಾಸ್ ಇರ್ತಾವ” ಎಂದ. ತರಿಸಿದೆ. ಅಲ್ಯೂಮಿನಿಯಮ್ಮಿನ ಎರಡು ಹಲಗೆಗಳು, ಕನ್ನಡಿಯಂತೆ ಹೊಳೆಯುವಂಥವು, ಬಂದವು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಒಬ್ಬ ಹಸನ್ಮುಖಿ ಯುವಕ ಅವುಗಳ ಮೇಲೆ ಮೋಟಾರ್‌ಸೈಕಲ್ ಏರಿಸುತ್ತಿದ್ದ. ಒಂದೊಂದೂ ಒಂದು ಗಾಲಿಯ ಅಗಲ, ನಡುವೆ ಬಯಲು. ಏರುವ ಪದಾರ್ಥಕ್ಕೆ ಗಾಲಿಗಳೇ ಇರುತ್ತವೆಂದು ತಯಾರಕರು ನಂಬಿದ್ದರು, ತಯಾರಕರನ್ನು ನಾನು ನಂಬಿದ್ದೆ. ಚಂದ್ರಿ ಹಲಗೆಗಳನ್ನು ಮೂಸಿ ನೋಡಿ, ರಟ್ಟಿನ ಪೆಟ್ಟಿಗೆಯನ್ನು ತಿಂದು, ಚಿತ್ರದ ಯುವಕನನ್ನೂ ಮುಗಿಸಿತು. ಪೆಟ್ಟಿಗೆಯಿಲ್ಲದೆ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಕಂಪನಿಯವರು ತಿಳಿಸಿದರು.

ಆಮೇಲೆ ನಾನು ಶಾಸ್ತ್ರಕ್ಕೆ ಶರಣಾದೆ. ಕಾಗದದ ಮೇಲೆ ತ್ರಿಕೋನ ಬರೆದು, ಕೋನ ಅಳೆದು, ರಾಯಬಾಗದ ವೆಲ್ಡಿಂಗ್ ಅಂಗಡಿಯ ದಸ್ತಗೀರನ ಮುಂದೆ ಹರಡಿದೆ. ದಸ್ತಗೀರ ಜೀವಮಾನದಲ್ಲಿ ಯಾರಿಗೂ ಇಲ್ಲವೆಂದವನಲ್ಲ. ಚಂದ್ರಲೋಕಕ್ಕೆ ಏಣಿ ಬೇಕೆಂದರೂ, “ಮಾಡೂಣ್ರಿ ಸರ, ಆ್ಯಂಗಲ್ ಎಷ್ಟರದು ಹಾಕೂಣು?” ಎಂದು ಕೇಳುವ ಪುಣ್ಯಾತ್ಮ. ಅವನು ಕಬ್ಬಿಣದ ಅಗಲವಾದ ಒಂದೇ ಹಲಗೆ ಮಾಡಿಕೊಟ್ಟ. ಅದು ಗಿಡ್ಡವಾಗಿ, ಏರು ಕಡಿದಾಯಿತು. ತತ್ತ್ವದ ಪ್ರಕಾರ ಉದ್ದ ಮಾಡಿಸಿದೆ. ಏರು ಸೌಮ್ಯವಾಯಿತು, ಹಲಗೆ ಮಾತ್ರ ನಾಲ್ಕು ಮಂದಿ ಹೊರುವಷ್ಟು ಭಾರವಾಯಿತು. ಭಾರ ಎತ್ತಬಾರದವಳ ಸಲುವಾಗಿ ಊರಲ್ಲೇ ಅತಿ ಭಾರದ ವಸ್ತುವೊಂದನ್ನು ಮನೆಗೆ ತಂದ ಕೀರ್ತಿ ನನ್ನದು. ಕೊನೆಗೆ ಅದಕ್ಕೆ ಬಿಜಾಗರಿ ಹಾಕಿಸಿ ಟ್ರೇಲರಿನ ಬಾಲಕ್ಕೇ ಜೋಡಿಸಿದ್ದಾಯಿತು.

ಇಲ್ಲಿಂದ ಮುಂದೆ ಕುಸುಮಾ ಗುಣಮಟ್ಟದ ತಪಾಸಣಾಧಿಕಾರಿಯಾದಳು. ಸಂಜೆ ಚಹಾ ತಂದಿಟ್ಟು, ಒಂದು ಕ್ಷಣ ನೋಡಿ, “ಜಾರತೈತ್ರಿ ಅದು” ಎನ್ನುತ್ತಿದ್ದಳು. ನಾನು ಅಡ್ಡಪಟ್ಟಿಗಳನ್ನು ಬೆಸೆಯಿಸಿದೆ. “ಸಪ್ಪಳಾ ಭಾಳ ಆಕ್ಕೈತಿ, ಅಂಜತೈತದು” ಎಂದಳು. ಉಗಾರದ ಗುಜರಿಯಲ್ಲಿ ಸಕ್ಕರೆ ಕಾರ್ಖಾನೆಯ ಹಳೆಯ ರಬ್ಬರು ಪಟ್ಟಿ, ಕಬ್ಬಿನ ಸಿಪ್ಪೆ ಸಾಗಿಸಿ ಸಾಗಿಸಿ ನುಣುಪಾದದ್ದು, ಸಿಕ್ಕಿತು. ತಂದು ಮೇಲೆ ಹಾಸಿ, ನಾನೇ ಕೂತು ಬೋಲ್ಟು ಬಿಗಿದೆ. “ಬದಿಗೆ ಏನೂ ಇಲ್ಲಲ್ರಿ, ಬಿದ್ದು ಗಿದ್ದೀತು” ಎಂದಳು. ಎರಡೂ ಬದಿಗೆ ಕಂಬಿಯ ಕಟಾಂಜನ ಹಚ್ಚಿಸಿದೆ. “ಕೊಂಬು ಸಿಗತಾವು” ಎಂದಳು. ಕಟಾಂಜನವನ್ನು ಹೊರಕ್ಕೆ ಬಾಗಿಸಿದೆ. ಪ್ರಿಯ ಓದುಗರೇ, ನೀವು ನನಗಿಂತ ಬುದ್ಧಿವಂತರು, ಇಷ್ಟರಲ್ಲಿ ನಿಮಗೆ ಏನೋ ಹೊಳೆದಿರಬೇಕು. ನನಗೆ ಹೊಳೆದದ್ದು, ಕಟಾಂಜನಕ್ಕೆ ಹಸಿರು ಬಣ್ಣ ಬಳಿದರೆ ಎಮ್ಮೆಗೆ ಮೇವಿನಂತೆ ಕಂಡೀತೆಂಬುದು. ಬಳಿದೆ.

ಭಾರಪರೀಕ್ಷೆಯೊಂದು ಉಳಿದಿತ್ತು. ಎಮ್ಮೆಗೆ ಬದಲಿಯಾಗಿ ಶೀತಲನನ್ನು ಆಯ್ಕೆ ಮಾಡಿದೆವು. ಊರವರು ಇದಕ್ಕಿಂತ ಸೂಕ್ತ ಅಭ್ಯರ್ಥಿಯನ್ನು ಸೂಚಿಸಲಾರದೆ ಹೋದರು. ಜೀಪಿಗೆ ಕಟ್ಟದೆ ನಿಲ್ಲಿಸಿದ್ದ ಟ್ರೇಲರಿನ ಹಿಂಬದಿಗೆ ಅವನು ಗಂಭೀರವಾಗಿ ಏರಿ ನಿಂತೊಡನೆ ಅದರ ಮೂಗು ಆಕಾಶಕ್ಕೆ ಎದ್ದು, ಅವನು ರಬ್ಬರಿನ ಮೇಲೆ ಕೂತ ಭಂಗಿಯಲ್ಲಿಯೇ ತಿಪ್ಪೆಯವರೆಗೆ ಸಾಗಿದ. ತಿಪ್ಪೆಯಲ್ಲಿ ಕೂತೇ, “ದಾಜಿ, ಕೆಳಗ ಎರಡು ಕಾಲು ಹಚ್ಚಬೇಕು ನೋಡ್ರಿ” ಎಂದು ಸಲಹೆ ಕೊಟ್ಟ. ದಸ್ತಗೀರ ಮರುದಿನವೇ ಎರಡು ಕಾಲು ಬೆಸೆದ. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಕುಸುಮಾ, ಶೀತಲ ತಿಪ್ಪೆ ಸೇರಿದ್ದನ್ನು ಕಂಡು, ಸೆರಗು ಬಾಯಿಗೆ ಒತ್ತಿ ನಕ್ಕಿದ್ದಳು. ಬೆನ್ನು ಹಿಡಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗುತ್ತಲೇ ಒಳಗೆ ಹೋಗಿ ಚಂದ್ರಿಯ ಕೊರಳು ತಬ್ಬಿಕೊಂಡು ನಿಂತದ್ದನ್ನೂ ನಾನು ಕಂಡೆ. ಕಂಡು, ಕಾಲುಗಳ ಕೆಳಗೆ ಇಟ್ಟಿಗೆ ಇಡಬೇಕೇ ಎಂಬ ಯೋಚನೆಗೆ ಮರಳಿದೆ.

ಅತ್ತ ನಿಪ್ಪಾಣಿಯಿಂದ ಮಗಳ ಫೋನು: “ಅಪ್ಪಾ, ಮೇವು ಹಾಕಾಕ ಗ್ವಾದಲಿ ಕಟ್ಟಿಸೇವಿ. ಎಮ್ಮಿ ಯಾವಾಗ ಬರತೈತಿ?” ಬೀಗರು ಕಾಯುತ್ತಿದ್ದರು. ಊರ ಕಟ್ಟೆಯಲ್ಲಿ ಕುಶಲಪ್ರಶ್ನೆಯೇ ಬದಲಾಗಿ, “ಏರಿತೇನ್ರಿ ಸರ?” ಎಂದಾಗಿತ್ತು. ದಿನ ಗೊತ್ತುಮಾಡಿದೆ.

ಆ ಮುಂಜಾನೆ ಶೀತಲ ಜೀಪು ಕಟ್ಟಿ ನಿಲ್ಲಿಸಿದ. ಹಲಗೆ ಇಳಿಯಿತು, ಕಾಲುಗಳು ನೆಲಕ್ಕೂರಿದವು, ರಬ್ಬರನ್ನು ತೊಳೆದು ಒರೆಸಿದ್ದಾಗಿತ್ತು. ಚಂದ್ರಿ ಬಂದು ಹಲಗೆಯ ಬುಡದಲ್ಲಿ ನಿಂತು, ನನ್ನ ಅಷ್ಟೂ ತಿಂಗಳ ಸಂಶೋಧನೆಯನ್ನು ಒಮ್ಮೆ ದಿಟ್ಟಿಸಿ, ಮಲಗಿಬಿಟ್ಟಿತು. ಬೆಲ್ಲ ತೋರಿಸಿದೆವು, ತಿಂದಿತು. ಹಿಂಡಿ ತೋರಿಸಿದೆವು, ಅದನ್ನೂ ತಿಂದಿತು. ಎಬ್ಬಿಸಿ ಮುಂದಿನಿಂದ ನಾನು ಜಗ್ಗಿದೆ, ಹಿಂದಿನಿಂದ ಶೀತಲ ದೂಡಿದ. ನಡುವೆ ಎಮ್ಮೆ ಇದ್ದಲ್ಲೇ ಇತ್ತು. ಬೆವರು ಕಣ್ಣಿಗಿಳಿದು ನನಗೆ ಸಿಟ್ಟು ನೆತ್ತಿಗೇರಿತು. ಅಡುಗೆಮನೆಯತ್ತ ತಿರುಗಿ, “ನಿನ್ನ ಎಮ್ಮಿಗೆ ನಿನ್ನ ಮೊಂಡತನಾನೇ ಬಂದೈತಿ ನೋಡು” ಎಂದು ಕೂಗಿಬಿಟ್ಟೆ.

ಕುಸುಮಾ ಹೊರಗೆ ಬಂದಳು. ಕೈ ಒರೆಸಿಕೊಂಡಳು. ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ಚಂದ್ರಿಯ ಕೊರಳ ಮೇಲೆಯೇ ಸಡಿಲವಾಗಿ ಎಸೆದಳು. ಆಮೇಲೆ ಹಸಿರು ಕಟಾಂಜನವನ್ನು ಹಿಡಿದು, ಬೆನ್ನು ಸೆಟೆಸಿ, ಒಂದೊಂದೇ ಹೆಜ್ಜೆಯಿಡುತ್ತ ರ‍್ಯಾಂಪು ಏರಿದಳು. ಹಿಂದೆಯೇ, ಅವಳ ಸೆರಗಿಗೆ ಮೂತಿ ತಾಗಿಸಿಕೊಂಡು, ಚಂದ್ರಿ ಏರಿತು. ಜಾರಲಿಲ್ಲ, ಸಪ್ಪಳವಾಗಲಿಲ್ಲ, ಕೊಂಬು ಸಿಗಲಿಲ್ಲ, ಟ್ರೇಲರಿನ ಮೂಗು ಏಳಲಿಲ್ಲ. ನನ್ನ ರ‍್ಯಾಂಪು ಪ್ರಥಮ ಶ್ರೇಣಿಯಲ್ಲಿ ಉತ್ತೀರ್ಣವಾಗಿತ್ತು. ಅಭಿನಂದಿಸುವ ಮನಸ್ಸು ಅಲ್ಲಿದ್ದ ಯಾರಿಗೂ ಇರಲಿಲ್ಲ.

ಮೇಲೆ ನಿಂತು, ಚಂದ್ರಿಯ ಕೊರಳ ಮೇಲೆ ಕೈಯಿಟ್ಟು, ಅವಳು ನನ್ನನ್ನು ನೋಡಿದಳು. ಧ್ವನಿ ಏರಿಸಲಿಲ್ಲ.

“ಹೆಂಗ ಏರಸೂದು ಅಂತ ಊರಿಗೆಲ್ಲಾ ಕೇಳಿದ್ರಿ. ಕಳಸೂದೋ ಬ್ಯಾಡೋ ಅಂತ ನನಗ ಒಮ್ಮೆರ ಕೇಳಿದ್ರೇನು?”

ಶೀತಲ ಜೀಪಿನ ಗಾಲಿಯನ್ನು ಬಹಳ ಆಸಕ್ತಿಯಿಂದ ಪರಿಶೀಲಿಸತೊಡಗಿದ. ನಾನು ಕೇಳಿರಲಿಲ್ಲ, ಅಷ್ಟೇ. ಅವಳ ಬೆನ್ನಿನ ನೋವು ನನಗೆ ಕಂಡಿತ್ತು. ಎಮ್ಮೆ ಹೋದ ಮೇಲಿನ ಖಾಲಿ ಕೊಟ್ಟಿಗೆಯಲ್ಲಿ ಅವಳು ಬೆಳಗಿನ ಜಾವ ಯಾರ ಜತೆ ಮಾತಾಡಬೇಕೆಂಬುದು ಹೊಳೆದಿರಲಿಲ್ಲ. ನಾಚಿಕೆಯಾಯಿತು. ಬೀದಿಯಲ್ಲಿ ಮಂದಿ ನಿಂತಿದ್ದರು; ಅವರೆದುರಿಗೇ ಕೇಳಿದೆ, “ಕಳಸೂಣೇನು?”

“ಬ್ಯಾಡ್ರಿ.”

“ಮತ್ತ ಇನ್ನ ಮ್ಯಾಲ ಹಾಲು ಯಾರು ಹಿಂಡಬೇಕು? ಡಾಕ್ಟರು ಕುಕ್ಕರಗಾಲಿಲೆ ಕೂಡಬ್ಯಾಡ ಅಂದಾರ.”

“ನನಗಲ್ಲೇನ್ರಿ ಅಂದಿದ್ದು? ಈ ಕಬ್ಬಿಣದ ಮುಂದ ಮುಂಜಾನಿಂದ ಸಂಜಿತನಾ ಕುಕ್ಕರಗಾಲಿಲೆ ಕುಂತು ಬೋಲ್ಟ್ ಬಿಗೀತಿದ್ರಲ್ಲ, ನಿಮ್ಮ ಮೊಣಕಾಲು ಚಲೋ ಅದಾವು.”

ಬೀಗರ ಗೋದಲಿಗೆ ಕಾಗವಾಡದ ಕಡೆಯಿಂದ ಬೇರೊಂದು ಎಮ್ಮೆ ಬಂತು. ಅದು ಯಾವುದೋ ಬಾಡಿಗೆ ಟೆಂಪೋದಲ್ಲಿ, ಯಾವ ತತ್ತ್ವದ ನೆರವೂ ಇಲ್ಲದೆ, ಅರ್ಧ ದಿನದಲ್ಲಿ ತಲುಪಿತಂತೆ. ನಾನು ಈಗ ನಿತ್ಯ ಎರಡು ಹೊತ್ತು ಚಂದ್ರಿಯ ಪಕ್ಕದಲ್ಲಿ, ಬಕೆಟ್ಟನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕೂಡುತ್ತೇನೆ. ಕುಸುಮಾ ಕುರ್ಚಿಯ ಮೇಲೆ ಕೂತು, “ಹೆಬ್ಬೆಟ್ಟು ಒಳಗ ಮಡಚಬ್ಯಾಡ್ರಿ” ಎಂದು ಪಾಠ ಹೇಳುತ್ತಾಳೆ. ಅರ್ಧ ಹಾಲು ಬಕೆಟ್ಟಿಗೆ, ಉಳಿದದ್ದು ನನ್ನ ಧೋತರಕ್ಕೆ.

ಇಂದು ಬೆಳಿಗ್ಗೆ ಅವಳು ಇನ್ನೂ ಮಲಗಿದ್ದಳು. ಒಬ್ಬನೇ ಹೋಗಿ ಕೂತೆ. ಎಷ್ಟು ನೀವಿದರೂ ಚಂದ್ರಿ ಹಾಲು ಇಳಿಸಲಿಲ್ಲ. ಎದ್ದು ಹೋಗಿ ಬಾಗಿಲಲ್ಲಿ ನಿಂತು, “ಬೆನ್ನು ನೋಯ್ತೈತೇನು? ಒಂದೀಟು ಬರ್ತೀಯೇನು?” ಎಂದು ಕೇಳಿದೆ. ಬಂದಳು. ಚಂದ್ರಿಯ ಹಣೆಗೆ ಹಣೆ ಹಚ್ಚಿ ಏನೋ ಮಾತಾಡಿದಳು, ಮತ್ತು ಬಕೆಟ್ಟಿನಲ್ಲಿ ಹಾಲು ಬೀಳತೊಡಗಿತು. “ಏನ ಹೇಳಿದಿ ಅದಕ್ಕ?” ಎಂದು ಕೇಳಿದೆ. “ಕೇಳೂದು ಕಲತಾರ, ಹಿಂಡೂದೂ ಕಲೀತಾರ, ತಡೀ ಅಂದೆ” ಎಂದಳು.