ಅಕ್ಕಿ ಮೂಟೆ ಹಿಂದಿನ ಈಳಿಗೆಮಣೆ

ಹಲಸೂರಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಬಿಸಿಯೂಟದ ಅಡುಗೆಯವಳು. ಹೋದ ವರ್ಷ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ, ಊಟದ ಸಾಲಿನಲ್ಲಿ ಜಗಳವಾಗಿ, ತನ್ನ ಕ್ಲಾಸಿನವಳ ಕೆನ್ನೆಗೆ ಕೈವಾರದ ಮೊನೆಯಿಂದ ಗೀರಿದಳು. ನಾಲ್ಕು ಹೊಲಿಗೆ ಬಿತ್ತು.

ಗೀರಿಸಿಕೊಂಡವಳ ಅಪ್ಪ ದಿನಾ ಗೇಟಿಗೆ ಬಂದು, ಆ ಹುಡುಗಿಗೆ ಟಿಸಿ ಕೊಟ್ಟು ಕಳಿಸಿ ಎನ್ನುತ್ತಿದ್ದ. ಗೀರಿದವಳ ತಾಯಿ ಇಂದಿರಾನಗರದಲ್ಲಿ ಮೂರು ಮನೆ ಕೆಲಸದವಳು. ಟಿಸಿ ಕೊಟ್ಟರೆ ನಾಳೆಯೇ ಮಗಳನ್ನು ತನ್ನ ಜೊತೆ ಪಾತ್ರೆ ತಿಕ್ಕಲು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿಯೇ ಬಿಟ್ಟಿದ್ದಳು. ಹೆಡ್‌ಮೇಡಂ ಟಿಸಿ ಬರೆದು ಡ್ರಾಯರಿನಲ್ಲಿಟ್ಟರು. ಸಹಿ ಮಾತ್ರ ಹಾಕಲಿಲ್ಲ.

ಒಂದು ಬೆಳಿಗ್ಗೆ ಮೇಡಂ ಗೀರಿದ ಹುಡುಗಿಯನ್ನು ಅಡುಗೆಮನೆಗೇ ಕರೆತಂದರು. ಕ್ಲಾಸಿನವರು ಹೆದರಿದ್ದಾರೆ, ಒಂದು ವಾರ ಇಲ್ಲಿರಲಿ ಎಂದರು.

"ಇಲ್ಲಿ ಕುದಿಯೋ ಸಾಂಬಾರಿದೆ, ಈಳಿಗೆಮಣೆ ಇದೆ. ಇವಳನ್ನ ಇಲ್ಲೇ ಬಿಡ್ತೀರಾ ಮೇಡಂ?"

"ಕ್ಲಾಸಲ್ಲಿ ಕೂರ್ಸಿದ್ರೆ ಆ ಹುಡುಗಿ ಅಪ್ಪ ಬಿಡಲ್ಲ. ಮನೆಗೆ ಕಳ್ಸಿದ್ರೆ ಇವಳು ವಾಪಸ್ ಬರಲ್ಲ. ನಾನೆಲ್ಲಿ ಇಡಲಮ್ಮ?"

ಮಕ್ಕಳನ್ನು ಅಡುಗೆಮನೆಗೆ ಬಿಡಬಾರದು ಎಂದು ಬೋರ್ಡು ಬರೆಸಿದವರೇ ಅವರು.

ಅವರು ಹೋದ ಮೇಲೆ ಈಳಿಗೆಮಣೆಯನ್ನು ಅಕ್ಕಿ ಮೂಟೆಯ ಹಿಂದೆ ತಳ್ಳಿದೆ. ತರಕಾರಿ ಹೆಚ್ಚಲು ದಾರಿಯಿಲ್ಲದೆ ಹುರುಳಿಕಾಯಿಯನ್ನು ಕೈಯಲ್ಲೇ ಮುರಿಯುತ್ತಾ ಕೂತೆ. ಹುಡುಗಿ ಬಹಳ ಹೊತ್ತು ನೋಡಿದಳು.

"ಅಜ್ಜಿ, ಮಣೆ ಮೂಟೆ ಹಿಂದೆ ಇದೆ. ನೀನು ಇಟ್ಟಿದ್ ನೋಡ್ದೆ."

ನನಗೆ ನಾಚಿಕೆಯಾಯಿತು. ತಗೊಂಡು ಬಾ ಎಂದೆ. ತಂದು, ಕೂತು, ಎರಡು ಕೆ.ಜಿ. ಹೆಚ್ಚಿದಳು. ಯಾಕೆ ಗೀರಿದೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ವಾರ ಕಳೆದು ಪೋಷಕರ ಮೀಟಿಂಗು ಆಯಿತು. ನಾನು ಟೀ ಕೊಡಲು ಹೋಗಿದ್ದೆ. ಗೀರಿಸಿಕೊಂಡವಳ ಅಪ್ಪ ಎದ್ದು, ಇವಳು ಇನ್ನೊಂದು ಸಲ ಹಿಂಗೆ ಮಾಡಲ್ಲ ಅಂತ ಗ್ಯಾರಂಟಿ ಕೊಡ್ತೀರಾ ಎಂದು ಕೇಳಿದ.

ಮೇಡಂ ಎದ್ದು ನಿಂತರು. "ಕೊಡಲ್ಲ. ನನ್ ಕೈಲಿ ಆಗಲ್ಲ. ಊಟದ್ ಹೊತ್ತಲ್ಲಿ ನಿಮ್ ಮಗಳ ಪಕ್ಕ ನಾನಿರ್ತೀನಿ, ಅಷ್ಟೇ."

ಅವನಿಗೆ ಸಮಾಧಾನವಾಗಲಿಲ್ಲ. ಮಗಳನ್ನು ಮಾತ್ರ ಶಾಲೆ ಬಿಡಿಸಲಿಲ್ಲ.

ಅಂದಿನಿಂದ ಮೇಡಂ ತಟ್ಟೆ ಹಿಡಿದು ಸಾಲಿನ ಪಕ್ಕ ನಿಂತೇ ಉಣ್ಣುತ್ತಾರೆ. ಟಿಸಿ ಡ್ರಾಯರಿನಲ್ಲೇ ಇದೆ. ಹುಡುಗಿ ಈಗ ಹತ್ತನೇ ಕ್ಲಾಸು. ಒಳ್ಳೆಯವಳಾದಳೋ ಇಲ್ಲವೋ ನನಗೆ ಗೊತ್ತಿಲ್ಲ. ಬೆಲ್ಲಿಗೆ ಮುಂಚೆ ಬಂದು ಹುರುಳಿಕಾಯಿ ಹೆಚ್ಚುತ್ತಾಳೆ. ಉದ್ದುದ್ದ ಹೆಚ್ಚುತ್ತಾಳೆ, ಎಷ್ಟು ಸಲ ಬೈದರೂ ಅಷ್ಟೇ.